ನೀರಿನ ಗಂಟೆ ಹೊಡೆಯಿತು, ನೀರು ಕುಡಿದಿರಾ?



ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಅದರ ಹೊರಗೋಡೆಯ ತೀರ ಕೆಳಗಿನ ಸಾಲಿನಲ್ಲಿ ಏನಿದೆ, ನೆನಪಿದೆಯೇ? ಹೌದು, ಆನೆಗಳು! ಒಂದರ ಹಿಂದೆ ಒಂದು ಸಾಲಾಗಿ ನಡೆಯುತ್ತಿರುವ ಕಲ್ಲಿನ ಆನೆಗಳು.

ಕೆಲವು ವರ್ಷಗಳ ಹಿಂದೆ, ಫೆಬ್ರುವರಿ ತಿಂಗಳ ಒಂದು ದಿನ, ಒಂದು ಶಾಲೆಯ ಮಕ್ಕಳ ಜೊತೆ ನಾನೂ ಅಲ್ಲಿಗೆ ಹೋಗಿದ್ದೆ. ಅರಸೀಕೆರೆ ಕಡೆಯಿಂದ ಬೆಳಿಗ್ಗೆ ಹೊರಟು, ಬೇಲೂರು ನೋಡಿಕೊಂಡು ಹಳೇಬೀಡು ತಲುಪುವಾಗ ನಡು ಮಧ್ಯಾಹ್ನ. ಮಕ್ಕಳಿಗೆ ಒಂದು ಚಟುವಟಿಕೆ ಕೊಟ್ಟೆ: "ಇಪ್ಪತ್ತು ಆನೆಗಳನ್ನು ಎಣಿಸಿ. ಪ್ರತಿಯೊಂದರ ಸೊಂಡಿಲು ಹೇಗಿದೆ ಎಂದು ಬರೆಯಿರಿ." ಏಳನೇ ತರಗತಿಯ ಒಬ್ಬ ಹುಡುಗಿ ತರಗತಿಯಲ್ಲಿ ಯಾವಾಗಲೂ ಮೊದಲು ಉತ್ತರ ಹೇಳುವವಳು. ಅಂದು ಮಾತ್ರ ಎಂಟರವರೆಗೆ ಎಣಿಸಿ ಮರೆಯುತ್ತಿದ್ದಳು. ಮತ್ತೆ ಒಂದರಿಂದ ಶುರು ಮಾಡುತ್ತಿದ್ದಳು. ಕೊನೆಗೆ ತಲೆ ಹಿಡಿದುಕೊಂಡು ನೆರಳಿನಲ್ಲಿ ಕುಳಿತುಬಿಟ್ಟಳು.

ಪಕ್ಕದಲ್ಲೇ ಅವಳ ನೀರಿನ ಬಾಟಲಿ ಇತ್ತು. ಬೆಳಿಗ್ಗೆ ಮನೆಯಲ್ಲಿ ತುಂಬಿಸಿದ್ದು ಹಾಗೆಯೇ ಇತ್ತು!

"ಯಾಕಮ್ಮ, ನೀರು ಕುಡಿದೇ ಇಲ್ಲವಲ್ಲ?" ಎಂದು ಕೇಳಿದೆ. ಅವಳು ಆಚೀಚೆ ನೋಡಿ ಮೆಲ್ಲಗೆ ಹೇಳಿದಳು: "ಬಸ್ಸಲ್ಲಿ ಒಂದಕ್ಕೆ ಬಂದ್ರೆ ಏನ್ಮಾಡೋದು ಮಿಸ್? ಅದಕ್ಕೇ ಕುಡೀಲಿಲ್ಲ."

ಅವಳ ಉತ್ತರ ನನ್ನನ್ನು ಬಹಳ ದಿನ ಯೋಚನೆಗೆ ಹಚ್ಚಿತು. ದಾರಿಯಲ್ಲಿ ಶೌಚಾಲಯವಿರುವ ಕಡೆ ಬಸ್ಸು ನಿಲ್ಲಿಸಬೇಕು ಎಂದು ಹಿರಿಯರಾದ ನಾವು ಯೋಚಿಸಿರಲೇ ಇಲ್ಲ. ತಪ್ಪು ಅವಳದಲ್ಲ, ನಮ್ಮದು. ಹಾಗಾದರೆ ನೀರು ಕುಡಿಯದಿದ್ದರೆ ಆನೆ ಎಣಿಸುವುದು ಏಕೆ ಕಷ್ಟವಾಗುತ್ತದೆ? ನೀರಿಗೂ ಹೊಟ್ಟೆಗೂ ತಲೆಗೂ ಏನು ಸಂಬಂಧ? ಬನ್ನಿ, ತಿಳಿಯೋಣ.

ದೇಹವೂ ಒಂದು ಕೆರೆ

ನಮ್ಮ ಸೀಮೆಗೂ ಕೆರೆಗೂ ಹಳೆಯ ನಂಟು. ಹಳೇಬೀಡಿನ ಹಳೆಯ ಹೆಸರು ದೋರಸಮುದ್ರ. ಆ ಊರಿನ ದೊಡ್ಡ ಕೆರೆಗೆ ಇಂದಿಗೂ ದ್ವಾರಸಮುದ್ರ ಎಂದೇ ಹೆಸರು. ಅರಸೀಕೆರೆ ಎಂದರೆ ಅರಸಿಯ ಕೆರೆ, ಅಂದರೆ ರಾಣಿಯ ಕೆರೆ. ಹಿಂದೆ ಊರಿನ ಕೆರೆಗೆ ಒಬ್ಬ ನೀರುಗಂಟಿ ಇರುತ್ತಿದ್ದ. ಕೆರೆ ತುಂಬಿದ್ದಾಗ ಅವನು ತೂಬು ಎತ್ತಿ ಗದ್ದೆಗಳಿಗೆ ಧಾರಾಳವಾಗಿ ನೀರು ಬಿಡುತ್ತಿದ್ದ. ನೀರು ಇಳಿದಾಗ ತೂಬನ್ನು ಬಿಗಿ ಮಾಡಿ, ಅಳೆದು ಬಿಡುತ್ತಿದ್ದ.

ನಿಮ್ಮ ದೇಹದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು, ಸುಮಾರು ಶೇಕಡಾ 60ರಷ್ಟು, ನೀರೇ ಇದೆ. ಮಿದುಳಿನಲ್ಲಂತೂ ಸುಮಾರು ಮುಕ್ಕಾಲು ಭಾಗ ನೀರು. ಈ ಕೆರೆಯಿಂದ ಬೆವರು, ಉಸಿರು, ಮೂತ್ರ ಮತ್ತು ಮಲದ ಮೂಲಕ ದಿನವಿಡೀ ನೀರು ಹೊರಗೆ ಹೋಗುತ್ತಲೇ ಇರುತ್ತದೆ.

ಈ ಕೆರೆಗೂ ನೀರುಗಂಟಿ ಇದ್ದಾನೆ. ಮಿದುಳಿನ ತಳಭಾಗದಲ್ಲಿರುವ ಹೈಪೋಥಲಾಮಸ್ ಎಂಬ ಪುಟ್ಟ ಭಾಗವೇ ಆ ನೀರುಗಂಟಿ. ನೀರು ಕಡಿಮೆಯಾದಾಗ ರಕ್ತದಲ್ಲಿ ಉಪ್ಪಿನ ಸಾಂದ್ರತೆ ಹೆಚ್ಚುತ್ತದೆ. ಹೈಪೋಥಲಾಮಸ್ ಇದನ್ನು ಕೂಡಲೇ ಗುರುತಿಸಿ ಎರಡು ಕೆಲಸ ಮಾಡುತ್ತದೆ. ಒಂದು, ಬಾಯಾರಿಕೆ ಉಂಟುಮಾಡುತ್ತದೆ. ಎರಡು, ಒಂದು ಹಾರ್ಮೋನಿನ ಮೂಲಕ ಮೂತ್ರಪಿಂಡಗಳಿಗೆ "ನೀರನ್ನು ಉಳಿಸಿ" ಎಂಬ ಸಂದೇಶ ಕಳುಹಿಸುತ್ತದೆ. ಆಗ ಮೂತ್ರ ಕಡಿಮೆಯಾಗಿ, ಗಾಢ ಹಳದಿಯಾಗುತ್ತದೆ. ತೂಬು ಬಿಗಿಯಾಯಿತು ಎಂದು ಅರ್ಥ.

ಹೊಟ್ಟೆಯೊಳಗೆ ಎಷ್ಟು ನೀರು ಹರಿಯುತ್ತದೆ?

ನೀವು ಮುದ್ದೆ, ಸೊಪ್ಪಿನ ಸಾರು ಊಟ ಮಾಡಿದಿರಿ ಎನ್ನಿ. ಬಾಯಿಯಲ್ಲಿ ಜೊಲ್ಲುರಸ, ಹೊಟ್ಟೆಯಲ್ಲಿ ಜಠರರಸ, ಮುಂದೆ ಪಿತ್ತರಸ, ಮೇದೋಜೀರಕ ರಸ, ಕರುಳಿನ ರಸ ಹೀಗೆ ಒಂದೊಂದಾಗಿ ಆಹಾರಕ್ಕೆ ಸೇರುತ್ತವೆ. ಈ ಎಲ್ಲ ರಸಗಳಲ್ಲಿ ಹೆಚ್ಚಿನ ಪಾಲು ನೀರೇ. ದೊಡ್ಡವರ ದೇಹದಲ್ಲಿ ದಿನಕ್ಕೆ ಸುಮಾರು 7 ಲೀಟರ್ ರಸ ಹೀಗೆ ಸುರಿಯುತ್ತದೆ. ತಿಂದದ್ದು, ಕುಡಿದದ್ದು ಸೇರಿ ಇನ್ನೂ ಸುಮಾರು 2 ಲೀಟರ್. ಒಟ್ಟು 9 ಲೀಟರ್!

ಇಷ್ಟೂ ಹೊರಗೆ ಹೋದರೆ ನಾವು ಒಂದು ದಿನವೂ ಬದುಕುವುದು ಕಷ್ಟ. ಆದರೆ ಹಾಗಾಗುವುದಿಲ್ಲ. ಸಣ್ಣ ಕರುಳು ಇದರಲ್ಲಿ ಬಹುಪಾಲನ್ನು ಹೀರಿ ರಕ್ತಕ್ಕೆ ಮರಳಿಸುತ್ತದೆ. ದೊಡ್ಡ ಕರುಳಿಗೆ ಬರುವುದು ಒಂದು, ಒಂದೂವರೆ ಲೀಟರ್ ಮಾತ್ರ. ಅದು ಕೂಡ ಇನ್ನಷ್ಟು ಹೀರಿಕೊಳ್ಳುತ್ತದೆ. ಕೊನೆಗೆ ಮಲದ ಜೊತೆ ಹೊರಗೆ ಹೋಗುವುದು ಸುಮಾರು 100ರಿಂದ 200 ಮಿಲಿಲೀಟರ್, ಅಂದರೆ ಹೆಚ್ಚೆಂದರೆ ಒಂದು ಲೋಟ ನೀರು. ಎಂಥ ಲೆಕ್ಕಾಚಾರ ನೋಡಿ!

ಈ ಒಂದು ಲೋಟ ನೀರು ಬಹಳ ಮುಖ್ಯ. ಅದಿದ್ದರೆ ಮಲ ಮೃದುವಾಗಿರುತ್ತದೆ, ಸುಲಭವಾಗಿ ಹೊರಗೆ ಹೋಗುತ್ತದೆ. ನಾವು ತೀರ ಕಡಿಮೆ ನೀರು ಕುಡಿದರೆ ದೊಡ್ಡ ಕರುಳು ಅದರಲ್ಲೂ ಉಳಿತಾಯ ಮಾಡುತ್ತದೆ. ಮಲ ಒಣಗಿ ಗಟ್ಟಿಯಾಗುತ್ತದೆ. ಇದೇ ಮಲಬದ್ಧತೆ. ಹೊಟ್ಟೆ ಉಬ್ಬರಿಸುತ್ತದೆ, ನೋಯುತ್ತದೆ, ಊಟ ಸೇರುವುದಿಲ್ಲ.

ನೀರೊಂದಿದ್ದರೆ ಸಾಲದು, ನಾರೂ ಬೇಕು

ರಾಗಿ, ಸೊಪ್ಪು, ಹುರುಳಿಕಾಳು, ಅವರೆಕಾಳು, ಸೀಬೆಹಣ್ಣು ಇವುಗಳಲ್ಲಿ ನಾರಿನಂಶ ಇದೆ. ನಾರನ್ನು ನಮ್ಮ ಕರುಳು ಅರಗಿಸಲಾರದು. ಆದರೂ ಅದು ವ್ಯರ್ಥವಲ್ಲ. ಕೆಲವು ಬಗೆಯ ನಾರು ನೀರನ್ನು ಹಿಡಿದಿಟ್ಟುಕೊಂಡು ಮಲವನ್ನು ಮೃದುವಾಗಿಡುತ್ತದೆ. ಇನ್ನು ಕೆಲವು ದೊಡ್ಡ ಕರುಳಿನಲ್ಲಿ ವಾಸಿಸುವ ಕೋಟ್ಯಂತರ ಉಪಯುಕ್ತ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತವೆ. ಆ ಬ್ಯಾಕ್ಟೀರಿಯಾಗಳು ನಾರನ್ನು ಹುದುಗಿಸಿ ಮಾಡುವ ಕೆಲವು ಆಮ್ಲಗಳು ಕರುಳಿನ ಗೋಡೆಯ ಜೀವಕೋಶಗಳಿಗೆ ಶಕ್ತಿ ಕೊಡುತ್ತವೆ.

1998ರಲ್ಲಿ ಇಟಲಿಯ ವೈದ್ಯರು ಒಂದು ಅಧ್ಯಯನ ಪ್ರಕಟಿಸಿದರು. ಮಲಬದ್ಧತೆಯಿಂದ ಬಳಲುತ್ತಿದ್ದ 117 ಜನರಿಗೆ ದಿನಕ್ಕೆ 25 ಗ್ರಾಂ ನಾರು ಇರುವ ಆಹಾರ ಕೊಟ್ಟರು. ಒಂದು ಗುಂಪಿನವರು ತಮಗೆ ಬೇಕೆನಿಸಿದಷ್ಟು ನೀರು ಕುಡಿದರು. ಇನ್ನೊಂದು ಗುಂಪಿನವರಿಗೆ ದಿನಕ್ಕೆ 2 ಲೀಟರ್ ನೀರು ಕುಡಿಯಲು ಹೇಳಿದರು. ಎರಡು ತಿಂಗಳ ನಂತರ ಎರಡೂ ಗುಂಪಿನವರಿಗೆ ಗುಣ ಕಂಡಿತ್ತು. ಆದರೆ ಹೆಚ್ಚು ನೀರು ಕುಡಿದವರಿಗೆ ಹೆಚ್ಚು ಗುಣ ಕಂಡಿತ್ತು. ನಾರು ಮತ್ತು ನೀರು ಜೊತೆಯಾಗಿ ದುಡಿಯುವ ಜೋಡೆತ್ತುಗಳು ಎಂದಾಯಿತು.

ಮಾಡಿ ನೋಡಿ – 1

ಬೇಕಾಗುವ ವಸ್ತುಗಳು: ಕಾಮಕಸ್ತೂರಿ ಬೀಜ 2 ಚಮಚ, ಎರಡು ಗಾಜಿನ ಲೋಟ, ನೀರು.

ವಿಧಾನ: ಎರಡೂ ಲೋಟಗಳಿಗೆ ಒಂದೊಂದು ಚಮಚ ಬೀಜ ಹಾಕಿ. ಮೊದಲನೆಯದಕ್ಕೆ ಲೋಟದ ತುಂಬ ನೀರು ಹಾಕಿ. ಎರಡನೆಯದಕ್ಕೆ ಒಂದೇ ಚಮಚ ನೀರು ಹಾಕಿ. ಅರ್ಧ ಗಂಟೆ ಬಿಟ್ಟು ಎರಡೂ ಲೋಟಗಳನ್ನು ಓರೆ ಮಾಡಿ ನೋಡಿ.

ಮೊದಲ ಲೋಟದಲ್ಲಿ ಬೀಜಗಳು ಉಬ್ಬಿ, ಲೋಳೆಯ ಹೊದಿಕೆ ತೊಟ್ಟು, ಸರಾಗವಾಗಿ ಜಾರುತ್ತವೆ. ಎರಡನೆಯದರಲ್ಲಿ ಗಟ್ಟಿ ಮುದ್ದೆಯಾಗಿ ಅಂಟಿಕೊಂಡಿರುತ್ತವೆ. ಬೀಜದ ಸುತ್ತಲಿನ ಲೋಳೆ ನೀರನ್ನು ಹಿಡಿದ ನಾರು. ನೀರಿಲ್ಲದೆ ನಾರನ್ನಷ್ಟೇ ತಿಂದರೆ ಕರುಳಿನಲ್ಲಿ ಏನಾಗಬಹುದು? ನೀವೇ ಊಹಿಸಿ. (ಎಚ್ಚರಿಕೆ: ನೆನೆಸದ ಬೀಜವನ್ನು ಬಾಯಿಗೆ ಹಾಕಿಕೊಳ್ಳಬಾರದು. ಗಂಟಲಿನಲ್ಲಿ ಉಬ್ಬಿ ಸಿಕ್ಕಿಕೊಳ್ಳಬಹುದು.)

ಇನ್ನು ತಲೆಯ ವಿಷಯ

ಈಗ ನಮ್ಮ ಆನೆಗಳ ಬಳಿಗೆ ಬರೋಣ. ಎಣಿಸುತ್ತಾ ಹೋಗಲು ಏಕಾಗ್ರತೆ ಬೇಕು. ಎಣಿಸಿದ್ದನ್ನು ನೆನಪಿನಲ್ಲಿ ಹಿಡಿದಿಡಬೇಕು. ದೇಹದ ತೂಕದ ಶೇಕಡಾ 2ರಷ್ಟು ನೀರು ನಷ್ಟವಾದರೆ ಏಕಾಗ್ರತೆ ಕುಗ್ಗುತ್ತದೆ ಎಂದು ಅಧ್ಯಯನಗಳು ಹೇಳುತ್ತವೆ. ನಿಮ್ಮ ತೂಕ 35 ಕಿಲೋ ಇದ್ದರೆ ಅದರ ಶೇಕಡಾ 2 ಎಷ್ಟು? ಲೆಕ್ಕ ಮಾಡಿ. 700 ಗ್ರಾಂ, ಅಂದರೆ 700 ಮಿಲಿಲೀಟರ್ ನೀರು. ಬಿಸಿಲಿನಲ್ಲಿ ಓಡಾಡುತ್ತಾ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಒಂದು ಗುಟುಕೂ ಕುಡಿಯದಿದ್ದರೆ ಅಷ್ಟು ನೀರು ಕಳೆದುಕೊಳ್ಳುವುದು ದೊಡ್ಡ ಮಾತಲ್ಲ. ಆಗ ಸುಸ್ತು, ತಲೆನೋವು, ಬೇಸರ ಎಲ್ಲವೂ ಬರುತ್ತವೆ.

2005ರಲ್ಲಿ ಇಸ್ರೇಲಿನ ವಿಜ್ಞಾನಿಗಳು ಬಿಸಿ ಪ್ರದೇಶದ ಶಾಲೆಗಳಲ್ಲಿ ನಿಮ್ಮದೇ ವಯಸ್ಸಿನ ಮಕ್ಕಳನ್ನು ಪರೀಕ್ಷಿಸಿ ವರದಿ ಪ್ರಕಟಿಸಿದರು. ಹಲವು ಮಕ್ಕಳ ದೇಹದಲ್ಲಿ ಶಾಲೆಗೆ ಬರುವಾಗಲೇ ನೀರು ಕಡಿಮೆಯಾಗಿತ್ತು! ಮಧ್ಯಾಹ್ನದ ಹೊತ್ತಿಗೆ, ಹೇಳಿದ ಅಂಕಿಗಳನ್ನು ನೆನಪಿಟ್ಟು ಮರಳಿ ಹೇಳುವುದರಲ್ಲಿ ನೀರು ಸಾಕಷ್ಟಿದ್ದ ಮಕ್ಕಳು ಮುಂದಿದ್ದರು.

2009ರಲ್ಲಿ ಇಂಗ್ಲೆಂಡಿನ ಎಡ್ಮಂಡ್ಸ್ ಮತ್ತು ಬರ್ಫೋರ್ಡ್ ಎಂಬ ಸಂಶೋಧಕರು 7ರಿಂದ 9 ವರ್ಷದ 58 ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಹೆಚ್ಚುವರಿ ನೀರು ಕೊಟ್ಟರು, ಇನ್ನೊಂದಕ್ಕೆ ಕೊಡಲಿಲ್ಲ. ಅಕ್ಷರಗಳ ಸಾಲಿನಲ್ಲಿ ಒಂದು ಅಕ್ಷರವನ್ನು ಹುಡುಕಿ ಹೊಡೆದುಹಾಕುವುದು, ಎರಡು ಚಿತ್ರಗಳ ವ್ಯತ್ಯಾಸ ಗುರುತಿಸುವುದು, ಇಂಥ ಪರೀಕ್ಷೆಗಳಲ್ಲಿ ನೀರು ಕುಡಿದ ಗುಂಪು ಚೆನ್ನಾಗಿ ಮಾಡಿತು.

ಇಲ್ಲಿ ಒಂದು ಮಾತು ನೆನಪಿಡಿ. ಇವು ಚಿಕ್ಕ ಅಧ್ಯಯನಗಳು. ನೀರು ಕುಡಿದರೆ ಯಾರೂ ಬುದ್ಧಿವಂತರಾಗುವುದಿಲ್ಲ. ಓದದೆ ಬರೀ ನೀರು ಕುಡಿದರೆ ಗಣಿತ ಬಾರದು! ನೀರು ಕಡಿಮೆಯಾಗಿ ಮಂಕಾಗಿದ್ದ ತಲೆ ತನ್ನ ಸಹಜ ಸ್ಥಿತಿಗೆ ಮರಳುತ್ತದೆ, ಅಷ್ಟೆ. ಹಳೇಬೀಡಿನಲ್ಲಿ ಕುಳಿತಿದ್ದ ಹುಡುಗಿಯ ಬುದ್ಧಿಗೆ ಏನೂ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ನೀರಿಗೆ.

ಮಾಡಿ ನೋಡಿ – 2

ನಿಮ್ಮ ತರಗತಿಯಲ್ಲಿ ಚೀಟಿ ಎತ್ತಿ ಎರಡು ಗುಂಪು ಮಾಡಿ. ಮೂರನೇ ಪಿರಿಯಡ್ ಹೊತ್ತಿಗೆ ಒಂದು ಗುಂಪು ತಲಾ ಒಂದು ಲೋಟ ನೀರು ಕುಡಿಯಲಿ. ಇಪ್ಪತ್ತು ನಿಮಿಷದ ನಂತರ ಎಲ್ಲರಿಗೂ ಹಳೆಯ ಪತ್ರಿಕೆಯ ಒಂದೇ ಪುಟದ ಪ್ರತಿಗಳನ್ನು ಕೊಡಿ. ಒಂದು ನಿಮಿಷದಲ್ಲಿ ಎಷ್ಟು 'ನ' ಅಕ್ಷರಗಳಿಗೆ ಗುರುತು ಹಾಕಲು ಸಾಧ್ಯ? ಎಣಿಸಿ, ಗುಂಪಿನ ಸರಾಸರಿ ತೆಗೆಯಿರಿ. ಪರೀಕ್ಷೆ ಮುಗಿದ ಕೂಡಲೇ ಇನ್ನೊಂದು ಗುಂಪೂ ನೀರು ಕುಡಿಯಲಿ. ಮರುದಿನ ಬೇರೆ ಪುಟದೊಂದಿಗೆ ಗುಂಪುಗಳನ್ನು ಅದಲುಬದಲು ಮಾಡಿ. ವ್ಯತ್ಯಾಸ ಕಂಡರೂ ಬರೆಯಿರಿ, ಕಾಣದಿದ್ದರೂ ಬರೆಯಿರಿ. ಕಂಡದ್ದನ್ನು ಕಂಡಂತೆ ಬರೆಯುವುದೇ ವಿಜ್ಞಾನ.

ನೀರಿನ ಗಂಟೆ

2019ರಲ್ಲಿ ಕೇರಳದ ಕೆಲವು ಶಾಲೆಗಳಲ್ಲಿ ನೀರು ಕುಡಿಯಲೆಂದೇ ಗಂಟೆ ಹೊಡೆಯುವ ಪದ್ಧತಿ ಸುದ್ದಿಯಾಯಿತು. ಆ ವರ್ಷದ ನವೆಂಬರ್‌ನಲ್ಲಿ ಕರ್ನಾಟಕದ ಆಗಿನ ಶಿಕ್ಷಣ ಸಚಿವ ಎಸ್. ಸುರೇಶ್ ಕುಮಾರ್ ಅವರು ನಮ್ಮ ರಾಜ್ಯದ ಶಾಲೆಗಳಲ್ಲೂ ಇದನ್ನು ತರಲು ಮುಂದಾದರು. 'ವಾಟರ್ ಬೆಲ್' ಎಂದು ಪತ್ರಿಕೆಗಳಲ್ಲಿ ಬಂದದ್ದು ಇದೇ. ಆಟದಲ್ಲಿ, ಪಾಠದಲ್ಲಿ ಮುಳುಗಿದ ಮಕ್ಕಳು ಬಾಯಾರಿಕೆಯನ್ನು ಮರೆತುಬಿಡುತ್ತಾರೆ. ಗಂಟೆ ಅದನ್ನು ನೆನಪಿಸುತ್ತದೆ. ಒಳ್ಳೆಯ ಉಪಾಯ.

ಆದರೆ ನಮ್ಮ ಹುಡುಗಿಗೆ ಮರೆತುಹೋಗಿರಲಿಲ್ಲ. ಅವಳು ಬೇಕೆಂದೇ ಕುಡಿದಿರಲಿಲ್ಲ. ಶೌಚಾಲಯಕ್ಕೆ ಬೀಗ ಹಾಕಿದ್ದರೆ, ಒಳಗೆ ನೀರಿಲ್ಲದಿದ್ದರೆ, ಬಾಗಿಲಿಗೆ ಚಿಲಕವಿಲ್ಲದಿದ್ದರೆ ಶಾಲೆಯಲ್ಲಿ ಎಷ್ಟು ಗಂಟೆ ಹೊಡೆದರೂ ಅನೇಕ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ನೀರು ಕುಡಿಯುವುದಿಲ್ಲ.

ಇದರಿಂದ ಹೊಟ್ಟೆಗೂ ತೊಂದರೆ. ಬೆಳಿಗ್ಗೆ ಅವಸರದಲ್ಲಿ ಬಂದು, ಶಾಲೆಯಲ್ಲಿ ಎರಡಕ್ಕೆ ಹೋಗಲು ನಾಚಿ ತಡೆದುಕೊಂಡರೆ ಏನಾಗುತ್ತದೆ? ಮಲ ನಿಂತಷ್ಟು ಹೊತ್ತೂ ದೊಡ್ಡ ಕರುಳು ಅದರಿಂದ ನೀರು ಹೀರುತ್ತಲೇ ಇರುತ್ತದೆ. ಮಲ ಇನ್ನಷ್ಟು ಗಟ್ಟಿಯಾಗುತ್ತದೆ. ಆಮೇಲೆ ಹೋದಾಗ ನೋವಾಗುತ್ತದೆ. ನೋವಿಗೆ ಹೆದರಿ ಮತ್ತೆ ತಡೆದುಕೊಳ್ಳುತ್ತೇವೆ. ಹೀಗೆ ಒಂದು ಸುಳಿ ಶುರುವಾಗುತ್ತದೆ. ಮೂತ್ರವನ್ನು ಬಹಳ ಹೊತ್ತು ತಡೆದರೆ ಮೂತ್ರನಾಳದ ಸೋಂಕು ಬರುವ ಸಂಭವ ಹೆಚ್ಚು. ಹೊಟ್ಟೆ ನೋಯುತ್ತಿರುವಾಗ ಪಾಠ ತಲೆಗೆ ಹತ್ತೀತೇ?

ನೆನಪಿಡಿ: ಒಂದಕ್ಕೆ, ಎರಡಕ್ಕೆ ಹೋಗಬೇಕೆನಿಸುವುದು ನಾಚಿಕೆಯ ವಿಷಯವಲ್ಲ. ಅದು ಆರೋಗ್ಯವಂತ ದೇಹದ ಕೆಲಸ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಪ್ರತಿ ಶಾಲೆಯಲ್ಲೂ ಎಲ್ಲ ಮಕ್ಕಳಿಗೆ ಸಾಕಾಗುವಷ್ಟು ಸುರಕ್ಷಿತ ಕುಡಿಯುವ ನೀರು, ಗಂಡುಮಕ್ಕಳಿಗೆ ಮತ್ತು ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶೌಚಾಲಯ ಇರಲೇಬೇಕು. ನಿಮ್ಮ ಶಾಲೆಯಲ್ಲಿ ಕೊರತೆ ಇದ್ದರೆ ಶಾಲಾ ಸಂಸತ್ತಿನಲ್ಲಿ ಮಾತಾಡಿ. ಮುಖ್ಯೋಪಾಧ್ಯಾಯರಿಗೆ ತಿಳಿಸಿ. ಪಂಚಾಯಿತಿಯವರು ಮಕ್ಕಳ ಗ್ರಾಮಸಭೆ ನಡೆಸಿದಾಗ ಎದ್ದು ನಿಂತು ಕೇಳಿ.

ಯಾವ ನೀರು, ಎಷ್ಟು ನೀರು?

ಬೇಲೂರಿನಲ್ಲಿ ಯಗಚಿ ಹೊಳೆ ಇದೆ, ಮಲೆನಾಡಿನ ಮಳೆ ಇದೆ. ಅರಸೀಕೆರೆ ಬಯಲುಸೀಮೆ. ಮಳೆ ಕಡಿಮೆ, ಕೊಳವೆಬಾವಿಗಳು ಹೆಚ್ಚು. ಅರಸೀಕೆರೆ ತಾಲ್ಲೂಕಿನ ಹಲವು ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚಾಗಿದೆ. ಭಾರತೀಯ ಮಾನಕದ ಪ್ರಕಾರ ಒಂದು ಲೀಟರ್ ಕುಡಿಯುವ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಸಿಗದಿದ್ದಾಗ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ಅದಕ್ಕಿಂತ ಹೆಚ್ಚಿನ ಫ್ಲೋರೈಡ್ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಕಂದು ಕಲೆಗಳು ಮೂಡುತ್ತವೆ. ಪ್ರಮಾಣ ಇನ್ನೂ ಹೆಚ್ಚಾದರೆ ಮೂಳೆ, ಕೀಲುಗಳೂ ಕೆಡುತ್ತವೆ.

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ಕುದಿಸಿದರೆ ನೀರಿನ ರೋಗಾಣುಗಳು ಸಾಯುತ್ತವೆ, ನಿಜ. ಆದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಂತೆ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ! ಆದ್ದರಿಂದ ಅಂಥ ಊರುಗಳಲ್ಲಿ ಪರೀಕ್ಷಿಸಿದ ನಲ್ಲಿ ನೀರನ್ನೋ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೋ ಕುಡಿಯಬೇಕು. ಸರಿಯಾಗಿ ಹಿಡಿದ ಮಳೆ ನೀರನ್ನು ಶೋಧಿಸಿ, ಕುದಿಸಿ ಕುಡಿಯಬಹುದು.

ಎಷ್ಟು ಕುಡಿಯಬೇಕು? ನಿಮ್ಮ ವಯಸ್ಸಿನವರಿಗೆ ಆಹಾರದಲ್ಲಿರುವ ನೀರೂ ಸೇರಿ ದಿನಕ್ಕೆ ಸುಮಾರು 2 ಲೀಟರ್ ಬೇಕು. ಅಂದರೆ 200 ಮಿಲಿಲೀಟರ್ ಹಿಡಿಯುವ ಲೋಟದಲ್ಲಿ ಆರರಿಂದ ಎಂಟು ಲೋಟ ಕುಡಿದರೆ ಸಾಕು. ಆಟ, ಬಿಸಿಲು ಇದ್ದ ದಿನ ಇನ್ನೂ ಸ್ವಲ್ಪ ಹೆಚ್ಚು. ಮಜ್ಜಿಗೆ, ಎಳನೀರು ಕೂಡ ಲೆಕ್ಕಕ್ಕೆ ಬರುತ್ತವೆ. ದಿನದ ನೀರನ್ನೆಲ್ಲ ಒಮ್ಮೆಲೇ ಗಟಗಟನೆ ಕುಡಿಯಬೇಡಿ. ಸ್ವಲ್ಪ ಸ್ವಲ್ಪವಾಗಿ ದಿನವಿಡೀ ಕುಡಿಯಿರಿ. ಪಂದ್ಯ ಕಟ್ಟಿ ಲೀಟರುಗಟ್ಟಲೆ ಕುಡಿಯುವುದಂತೂ ಅಪಾಯ. ರಕ್ತದಲ್ಲಿನ ಸೋಡಿಯಂ ತೆಳುವಾಗಿ ಮಿದುಳು ಊದಿಕೊಳ್ಳಬಹುದು. ಕೆರೆ ಒಡೆಯುವಷ್ಟು ತುಂಬಿಸುವವನು ಒಳ್ಳೆಯ ನೀರುಗಂಟಿಯಲ್ಲ.

ನಿಮ್ಮ ಕೆರೆಯ ಮಟ್ಟ ತಿಳಿಯಲು ಸುಲಭ ಉಪಾಯ ಮೂತ್ರದ ಬಣ್ಣ. ಒಣಹುಲ್ಲಿನಂತೆ ತೆಳು ಹಳದಿ ಇದ್ದರೆ ಸರಿ. ಬೆಲ್ಲದ ನೀರಿನಂತೆ ಗಾಢವಾಗಿದ್ದರೆ, ಹೋಗಿ ಒಂದು ಲೋಟ ನೀರು ಕುಡಿಯಿರಿ. ನೀರು ಕುಡಿದರೂ ಬಣ್ಣ ಹಾಗೆಯೇ ಇದ್ದರೆ, ಉರಿ ಇದ್ದರೆ ಮನೆಯವರಿಗೆ ಹೇಳಿ ವೈದ್ಯರನ್ನು ಕಾಣಿರಿ.

ಮುಂದಿನ ವರ್ಷದ ಪ್ರವಾಸದ ಕಥೆ ಹೇಳಿ ಮುಗಿಸುತ್ತೇನೆ. ಹೊರಡುವ ಮುನ್ನವೇ ಪಟ್ಟಿ ಮಾಡಿದೆವು: ಎಲ್ಲೆಲ್ಲಿ ಶೌಚಾಲಯ ಇದೆ, ಎಷ್ಟು ಹೊತ್ತಿಗೆ ಬಸ್ಸು ನಿಲ್ಲುತ್ತದೆ. ಬಸ್ಸು ಹತ್ತುವಾಗಲೇ ಮಕ್ಕಳಿಗೆ ಅದನ್ನು ಓದಿ ಹೇಳಿದೆವು. ನೀರು ಕುಡಿಯಿರಿ ಎಂದು ಯಾರಿಗೂ ಒತ್ತಾಯ ಮಾಡಲಿಲ್ಲ. ಹಳೇಬೀಡು ತಲುಪಿದಾಗ ಮಕ್ಕಳು ಮೊದಲು ಕೇಳಿದ ಪ್ರಶ್ನೆ ಏನು ಗೊತ್ತೇ? "ಮಿಸ್, ಬಾಟ್ಲಿ ಖಾಲಿ ಆಯ್ತು, ನೀರೆಲ್ಲಿ ಸಿಗುತ್ತೆ?"

ಅಂದು ಎಲ್ಲರೂ ಇಪ್ಪತ್ತು ಆನೆಗಳನ್ನು ಎಣಿಸಿದರು. ಒಬ್ಬ ಹುಡುಗ ನೂರರವರೆಗೂ ಹೋದ!

ಯೋಚಿಸಿ, ಉತ್ತರಿಸಿ

1. ದೊಡ್ಡ ಕರುಳಿಗೆ ಬಂದ ನೀರೆಲ್ಲ ಹೀರಲ್ಪಡದೆ ಹೊರಗೆ ಹೋದರೆ ಆ ಸ್ಥಿತಿಗೆ ಏನೆನ್ನುತ್ತಾರೆ? ಆಗ ಉಪ್ಪು, ಸಕ್ಕರೆ ಬೆರೆಸಿದ ನೀರನ್ನು ಏಕೆ ಕೊಡುತ್ತಾರೆ? ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿಯಿರಿ.

2. 'ಮಾಡಿ ನೋಡಿ – 2'ರಲ್ಲಿ ಗುಂಪುಗಳನ್ನು ಮರುದಿನ ಅದಲುಬದಲು ಮಾಡಲು ಹೇಳಿದ್ದು ಏಕೆ?

3. ನಿಮ್ಮ ಶಾಲೆಯ ಕುಡಿಯುವ ನೀರು ಎಲ್ಲಿಂದ ಬರುತ್ತದೆ? ಅದನ್ನು ಕೊನೆಯ ಬಾರಿ ಯಾವಾಗ ಪರೀಕ್ಷೆ ಮಾಡಿಸಿದ್ದರು? ಕೇಳಿ ಬರೆಯಿರಿ.

4. ನಿಮ್ಮ ಶಾಲೆಯಲ್ಲಿ ನೀರಿನ ಗಂಟೆ ಹೊಡೆಯುವುದಾದರೆ ಯಾವ ಯಾವ ಹೊತ್ತಿಗೆ ಹೊಡೆಯಬೇಕು? ಅದಕ್ಕೂ ಮುನ್ನ ಶಾಲೆಯಲ್ಲಿ ಏನೇನು ಸರಿಯಾಗಬೇಕು? ಗೆಳೆಯ ಗೆಳತಿಯರೊಂದಿಗೆ ಚರ್ಚಿಸಿ ಪಟ್ಟಿ ಮಾಡಿ.